ಹೊಸ ರಾಜಕೀಯ ಪದಕ್ಕೆ ವಿಕಿಪೀಡಿಯದಲ್ಲಿ ಪುಟ ಬೇಕಾ? ನಿರ್ಧರಿಸುವುದು ಹೀಗೆ

ಚುನಾವಣೆ ಹತ್ತಿರ ಬಂತು ಅಂದರೆ ಕರ್ನಾಟಕದಲ್ಲಿ ಹೊಸ ಪದಗಳ ಸುಗ್ಗಿ. ಯಾವನೋ ನಾಯಕ ಭಾಷಣದಲ್ಲಿ ಏನೋ ಅಂದ, ಸಂಜೆಗೆ ಟಿವಿಯಲ್ಲಿ ಅದೇ ಬ್ರೇಕಿಂಗ್ ನ್ಯೂಸ್, ರಾತ್ರಿಗೆ ಟ್ರೋಲ್ ಪೇಜುಗಳು ಹಿಡಿದುಕೊಂಡವು, ಬೆಳಗಾಗುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಹೆಸರಲ್ಲಿ ವಿಕಿಪೀಡಿಯದಲ್ಲಿ ನಾಲ್ಕು ಸಾಲಿನ ಪುಟ ಮಾಡಿರುತ್ತಾರೆ. ಮಧ್ಯಾಹ್ನಕ್ಕೆ ಇನ್ನೊಬ್ಬರು ಬಂದು ಅಳಿಸಿ ಅಂತ ಫಲಕ ಹಾಕುತ್ತಾರೆ. ಆಮೇಲೆ ಜಗಳ. ಪುಟ ಮಾಡಿದವರಿಗೆ ಅಳಿಸುವವರು ಎದುರು ಪಕ್ಷದವರು ಅಂತ ಅನುಮಾನ, ಅಳಿಸುವವರಿಗೆ ಪುಟ ಮಾಡಿದವರು ಐಟಿ ಸೆಲ್‌ನವರು ಅಂತ ಅನುಮಾನ.

ಈ ಜಗಳದಲ್ಲಿ ಮುಕ್ಕಾಲು ಪಾಲು ತಪ್ಪಿಸಬಹುದು. ಪುಟ ಮಾಡುವ ಮೊದಲು, ಅಥವಾ ಅಳಿಸಿ ಅನ್ನುವ ಮೊದಲು, ಒಂದು ಸಂಜೆ ಕೂತು ಹುಡುಕಿದರೆ ಸಾಕು. ಏನು ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ತೂಗಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಆ ಪದ ಇಷ್ಟವೋ, ಅದನ್ನು ಕೇಳಿದರೆ ಮೈ ಉರಿಯುತ್ತದೋ, ಅದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಪುಟ ಯಾವುದರ ಬಗ್ಗೆ?

ಮೊದಲ ಪ್ರಶ್ನೆ ಇದು. ನೀವು ಬರೆಯಬೇಕು ಅಂದುಕೊಂಡಿರುವುದು ಪದದ ಬಗ್ಗೆಯಾ, ಆ ಪದ ಹುಟ್ಟಿಸಿದ ಸಂಗತಿಯ ಬಗ್ಗೆಯಾ?

ಪೇಸಿಎಂ ತಗೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಪೋಸ್ಟರ್‌ಗಳು ಬಂದವು. ಪೇಟಿಎಂ ಚೀಟಿಯ ಥರ ವಿನ್ಯಾಸ, ಮಧ್ಯದ ಕ್ಯೂಆರ್ ಕೋಡ್ ಜೊತೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಕಾಂಗ್ರೆಸ್ ಮಾಡಿದ ಪ್ರಚಾರ ಅದು. ಅದರ ಹಿಂದೆ ಇದ್ದದ್ದು 40% ಕಮಿಷನ್ ಆರೋಪ. ಗುತ್ತಿಗೆದಾರರ ಸಂಘ 2021ರಲ್ಲೇ ಪ್ರಧಾನಿಗೆ ಪತ್ರ ಬರೆದಿತ್ತು. ಆಗಿನ ಸರ್ಕಾರ ಆರೋಪ ನಿರಾಕರಿಸಿತು, ಪೋಸ್ಟರ್ ಅಂಟಿಸಿದವರ ಮೇಲೆ ಪೊಲೀಸ್ ಕೇಸ್ ಆಯಿತು, 2023ರ ವಿಧಾನಸಭಾ ಚುನಾವಣೆಯವರೆಗೂ ಮಾತು ನಡೆಯಿತು. ಇಷ್ಟರಲ್ಲಿ 'ಪೇಸಿಎಂ' ಅನ್ನುವ ಪದದ್ದೇ ಆದ ಕಥೆ ಎಷ್ಟು? ಒಂದು ಪ್ಯಾರಾ. ಉಳಿದದ್ದೆಲ್ಲ ಆರೋಪದ ಕಥೆ, ಚುನಾವಣೆಯ ಕಥೆ. ಹಾಗಾಗಿ ನನ್ನ ಕೇಳಿದರೆ ಪೇಸಿಎಂಗೆ 2023ರ ಚುನಾವಣೆಯ ಪುಟದಲ್ಲಿ ಒಂದು ವಿಭಾಗ ಕೊಟ್ಟರೆ ಸರಿ, ಬೇರೆ ಪುಟ ಬೇಡ.

2024ರ ಲೋಕಸಭಾ ಚುನಾವಣೆ ಹೊತ್ತಿಗೆ ಬಂದ 'ಚೊಂಬು' ಜಾಹೀರಾತಿಗೆ ಇಷ್ಟೂ ಬೇಡ. ಕೇಂದ್ರ ರಾಜ್ಯಕ್ಕೆ ಖಾಲಿ ಚೊಂಬು ಕೊಟ್ಟಿದೆ ಅಂತ ಪತ್ರಿಕೆಗಳಲ್ಲಿ ಬಂತು, ಎದುರಿನವರು ತಿರುಗೇಟು ಕೊಟ್ಟರು, ಮೀಮ್‌ಗಳು ಬಂದವು. ಚುನಾವಣೆಯ ಪುಟದಲ್ಲಿ ಎರಡು ವಾಕ್ಯ ಸಾಕು.

ಈಗ ಅಹಿಂದ ನೋಡಿ. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು. ಮೊದಲಕ್ಷರ ಜೋಡಿಸಿ ಮಾಡಿದ ಪದ. ಆದರೆ ಇವತ್ತು ಅಹಿಂದ ಅಂದರೆ ಒಂದು ರಾಜಕೀಯ ಒಕ್ಕೂಟ. ದೇವರಾಜ ಅರಸು ಕಾಲದ ಜಾತಿ ಲೆಕ್ಕಾಚಾರದಿಂದ ಹಿಡಿದು, ಸಿದ್ದರಾಮಯ್ಯ 2005ರಲ್ಲಿ ಜೆಡಿಎಸ್‌ನಿಂದ ಹೊರಬಿದ್ದು 2006ರಲ್ಲಿ ಕಾಂಗ್ರೆಸ್ ಸೇರುವ ನಡುವೆ ಮಾಡಿದ ಸಮಾವೇಶಗಳವರೆಗೆ ಅದರ ಹೆಸರಲ್ಲೇ ಬರೆಯುವಷ್ಟು ಸರಕಿದೆ, ರಾಜಕೀಯ ವಿಜ್ಞಾನದವರು ಬರೆದೂ ಇದ್ದಾರೆ. ಇದಕ್ಕೆ ಪುಟ ಬೇಕೇ ಬೇಕು. ಆ ಪುಟದಲ್ಲಿ ಪದ ಹೇಗೆ ಆಯಿತು ಅನ್ನುವುದಕ್ಕೆ ಒಂದು ಸಾಲು, ಉಳಿದದ್ದು ರಾಜಕೀಯ.

ಬಳಸಿದ್ದು ಬೇರೆ, ವಿವರಿಸಿದ್ದು ಬೇರೆ

ಇಲ್ಲೇ ಎಲ್ಲರೂ ಎಡವುವುದು. "ಗೂಗಲ್ ಮಾಡಿ ನೋಡಿ, ಸಾವಿರಾರು ಕಡೆ ಇದೆ, ಇನ್ನೇನು ಬೇಕು?" ಅಂತ ಕೇಳುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪದಗಳಿಗೇ ಅಂತ ಒಂದು ನಿಯಮ ಇದೆ. ಪದವನ್ನು ಬಳಸಿದ ಮೂಲಗಳು (ಲೇಖನಕ್ಕೆ ಆಧಾರವಾಗಿ ಕೊಡುವ ಬರಹಗಳು) ಸಾಲದು, ಆ ಪದದ ಬಗ್ಗೆ ಮಾತಾಡಿದ ಮೂಲಗಳು ಬೇಕು. ವಿಕಿಪೀಡಿಯ ನಿಘಂಟಲ್ಲ ಅನ್ನುವ ಇನ್ನೊಂದು ನಿಯಮವೂ ಇದರ ಜೊತೆಗೇ ಬರುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರೂ ಇದನ್ನು ಪಾಲಿಸುವುದು ಒಳ್ಳೆಯದು. ಯಾಕೆ ಅಂತ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಒಂದು, ಆಪರೇಷನ್ ಕಮಲ. "ಮತ್ತೆ ಆಪರೇಷನ್ ಕಮಲದ ಭೀತಿ" ಅಂತ ಒಂದು ತಲೆಬರಹ ಬಂದರೆ ಅದು ಬಳಕೆ. ಅಂಥವು ನೂರು ಸಿಕ್ಕರೂ ನಿಮ್ಮ ಲೇಖನಕ್ಕೆ ಒಂದು ಸಾಲು ಹುಟ್ಟಲ್ಲ. ಆದರೆ ಈ ಪದದ ವಿಷಯದಲ್ಲಿ ಅದಕ್ಕಿಂತ ಗಟ್ಟಿ ಸರಕು ಇದೆ. 2008ರಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿಗೆ ಬಂದದ್ದು 110, ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಬೆಂಬಲದಿಂದ ಸರ್ಕಾರ ಆಯಿತು. ಆಮೇಲೆ ಕಾಂಗ್ರೆಸ್, ಜೆಡಿಎಸ್‌ನ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಬಿಜೆಪಿ ಟಿಕೆಟ್‌ನಲ್ಲಿ ಉಪಚುನಾವಣೆಗೆ ನಿಂತರು. ಸುಮ್ನೆ ಪಕ್ಷ ಬದಲಿಸಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಶಾಸಕ ಸ್ಥಾನ ಹೋಗುತ್ತೆ. ತಾವೇ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬಂದರೆ ಯಾರೂ ಏನೂ ಮಾಡುವ ಹಾಗಿಲ್ಲ ಅನ್ನುವುದು ಲೆಕ್ಕಾಚಾರ. ಈ ಉಪಾಯಕ್ಕೇ ಜನ ಆ ಹೆಸರು ಇಟ್ಟದ್ದು. 2019ರಲ್ಲಿ ಇದೇ ಥರದ ರಾಜೀನಾಮೆಗಳ ನಂತರ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿದ್ದಾಗ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಈ ಪದ ಎಲ್ಲಿ ಹುಟ್ಟಿತು, ಕಾನೂನಿನ ಯಾವ ಸಂದಿಯಿಂದ ಈ ದಾರಿ ತೆರೆಯಿತು, ಬೇರೆ ರಾಜ್ಯಗಳಿಗೆ 'ಆಪರೇಷನ್ ಲೋಟಸ್' ಆಗಿ ಹೇಗೆ ಹೋಯಿತು ಅಂತ ಪತ್ರಕರ್ತರು, ಕಾನೂನು ಬಲ್ಲವರು ಉದ್ದುದ್ದ ಬರೆದಿದ್ದಾರೆ. ಬಿಜೆಪಿ ಇದನ್ನು ಒಪ್ಪಲ್ಲ, ಶಾಸಕರು ಸ್ವಂತ ಇಚ್ಛೆಯಿಂದ ಬಂದರು ಅನ್ನುತ್ತದೆ. ಅದೂ ದಾಖಲೆಯಲ್ಲಿದೆ. ಇಂಥ ಪದಕ್ಕೆ ಪುಟ ಕೊಡಲು ಯೋಚನೆ ಮಾಡಬೇಕಿಲ್ಲ.

ಎರಡು, ಗಂಜಿ ಗಿರಾಕಿ. ಕನ್ನಡ ಫೇಸ್‌ಬುಕ್ ಓದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಡಪಂಥೀಯ ಸಾಹಿತಿಗಳು ಸರ್ಕಾರದ ಗಂಜಿ ಕುಡಿದು ಬದುಕುತ್ತಾರೆ ಅನ್ನುವ ಮೂದಲಿಕೆ. ಆ ಕಡೆಯವರು ತಿರುಗಿಸಿ 'ಭಕ್ತ' ಅನ್ನುತ್ತಾರೆ, ಇವರು ಮತ್ತೆ 'ಗುಲಾಮ' ಅನ್ನುತ್ತಾರೆ, ಹೀಗೇ ನಡೆಯುತ್ತದೆ. ಬಳಕೆಯ ಲೆಕ್ಕ ಹಾಕಿದರೆ ಇದು ಎಷ್ಟೋ 'ಅಧಿಕೃತ' ಪದಗಳಿಗಿಂತ ಜಾಸ್ತಿ ಇದ್ದೀತು. ಆದರೆ ಲೇಖನ ಬರೆಯಲು ಕೂತರೆ ಏನು ಬರೆಯುತ್ತೀರಿ? ಅರ್ಥ ಬರೆಯಬಹುದು. ಒಂದಿಷ್ಟು ಕಾಮೆಂಟುಗಳನ್ನು ಉದಾಹರಣೆ ಕೊಡಬಹುದು. ಅಲ್ಲಿಗೆ ಮುಗಿಯಿತು. ಮುಂದೆ ಬರೆಯುವುದೆಲ್ಲ ನಿಮ್ಮ ಸ್ವಂತ ಸಂಶೋಧನೆ, ಅಂದರೆ ನೀವೇ ಕಾಮೆಂಟುಗಳನ್ನು ಗುಡ್ಡೆ ಹಾಕಿ ನೀವೇ ತೀರ್ಮಾನ ಹೇಳುವುದು. ವಿಕಿಪೀಡಿಯದಲ್ಲಿ ಅದಕ್ಕೆ ಜಾಗ ಇಲ್ಲ. ಇದರ ಜಾಗ ವಿಕ್ಷನರಿ, ಅಂದರೆ ವಿಕಿಪೀಡಿಯದ ಜೊತೆಗಿರುವ ನಿಘಂಟು.

ಹಾಗಾಗಿ ಕೆಲಸ ಹೀಗೆ ಮಾಡಿ. ಸಿಕ್ಕ ಪ್ರತಿಯೊಂದು ಬರಹವನ್ನೂ ತೆರೆದು ಒಂದೇ ಪ್ರಶ್ನೆ ಕೇಳಿ: ಈ ಪದವನ್ನು ತೆಗೆದು ಅದರ ಜಾಗದಲ್ಲಿ ಬೇರೆ ಪದ ಹಾಕಿದರೆ ಬರಹ ಹಾಗೇ ನಿಲ್ಲುತ್ತಾ? ನಿಂತರೆ ಅದು ಬರೀ ಬಳಕೆ, ಪಕ್ಕಕ್ಕಿಡಿ. ಬರಹವೇ ಕುಸಿದರೆ ಅದು ನಿಮ್ಮ ಮೂಲ. ಅಂಥ ಮೂಲಗಳು ಎರಡು-ಮೂರು ಇದ್ದರೂ ನಡೆಯುತ್ತದೆ, ಗಟ್ಟಿ ಇರಬೇಕು ಅಷ್ಟೆ. ಕೆಲವೊಮ್ಮೆ ಇದು ವಿಚಿತ್ರ ಕಡೆ ಸಿಗುತ್ತದೆ. ಎದುರಾಳಿಗಳನ್ನು ದೇಶ ಒಡೆಯುವವರು ಅಂತ ಮೂದಲಿಸುವ 'ಟುಕ್ಡೆ ಟುಕ್ಡೆ ಗ್ಯಾಂಗ್' ಅನ್ನುವ ಪದದ ಬಗ್ಗೆ ಯಾರೋ ಮಾಹಿತಿ ಹಕ್ಕು ಅರ್ಜಿ ಹಾಕಿದಾಗ, 2020ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಅಂಥದ್ದರ ಬಗ್ಗೆ ತನ್ನ ಬಳಿ ಮಾಹಿತಿ ಇಲ್ಲ ಅಂತ ಉತ್ತರ ಕೊಟ್ಟಿತು. ಆ ಉತ್ತರದ ಸುತ್ತ ಬಂದ ಬರಹಗಳು ಪದದ ಬಗ್ಗೆಯೇ ಮಾತಾಡುತ್ತವೆ. ಹೀಗಾಗಿ ವಿಧಾನಸಭೆಯ ಕಲಾಪ, ಕೋರ್ಟ್ ತೀರ್ಪು, ಚುನಾವಣಾ ಆಯೋಗದ ನೋಟಿಸು ಇವನ್ನೆಲ್ಲ ಮರೆಯದೆ ನೋಡಿ. ಲೇಖನ ಇವುಗಳ ಮೇಲೇ ನಿಲ್ಲಬಾರದು, ಆದರೆ ಇವು ಯಾವ ದಿಕ್ಕಿನಲ್ಲಿ ಹುಡುಕಬೇಕು ಅಂತ ತೋರಿಸುತ್ತವೆ.

ಕನ್ನಡದಲ್ಲಿ ಹುಡುಕುವ ಕಷ್ಟ

ಇಂಗ್ಲಿಷಿನವರಿಗೆ ಈ ತಲೆನೋವು ಇಲ್ಲ. ನಮಗೆ ಒಂದು ಪದಕ್ಕೆ ನಾಲ್ಕು ಕಾಗುಣಿತ. ಆಪರೇಷನ್, ಆಪರೇಶನ್, ಅಪರೇಷನ್. ಕಮಲ, ಕಮಲಾ. ಪೇ ಸಿಎಂ, ಪೇಸಿಎಂ, ಪೇ-ಸಿಎಂ. ಎಲ್ಲವನ್ನೂ ಬೇರೆ ಬೇರೆ ಹಾಕಿ ಹುಡುಕಬೇಕು, ಪ್ರತಿ ಸಲವೂ ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಕಮಲ ಹೂವಿನ ಫೋಟೊ ಎಲ್ಲ ಬರುತ್ತದೆ. ವಿಭಕ್ತಿ ಸೇರಿದ ರೂಪಗಳನ್ನೂ ಬಿಡಬೇಡಿ. 'ಕಮಲದ', 'ಕಮಲಕ್ಕೆ' ಅಂತ ಇರುವ ಸುದ್ದಿ ಬರೀ 'ಕಮಲ' ಅಂದರೆ ಸಿಗದೇ ಹೋಗಬಹುದು. ಇಂಗ್ಲಿಷ್, ಹಿಂದಿ ರೂಪಗಳಲ್ಲೂ ಹುಡುಕಿ. ಬೇರೆ ಭಾಷೆಯ ಮೂಲ ಇದ್ದರೂ ಕನ್ನಡ ಪುಟಕ್ಕೆ ನಡೆಯುತ್ತದೆ.

ಇನ್ನೊಂದು ದೊಡ್ಡ ತೊಡಕು ಇದೆ, ಹೊಸಬರಿಗೆ ಗೊತ್ತಿರಲ್ಲ. ಯೂನಿಕೋಡ್ ಬರುವ ಮೊದಲು ಕನ್ನಡ ಜಾಲತಾಣಗಳು ತಮ್ಮ ತಮ್ಮ ಫಾಂಟ್‌ಗಳಲ್ಲಿ ಪುಟ ಹಾಕುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕು ಯಂತ್ರಕ್ಕೂ ಹಾಗೇ ಕಾಣುತ್ತದೆ. ಇ-ಪೇಪರ್‌ಗಳಲ್ಲಿ ಎಷ್ಟೋ ಬರೀ ಚಿತ್ರ, ಅದರೊಳಗಿನ ಅಕ್ಷರವನ್ನು ಹುಡುಕಲು ಆಗಲ್ಲ. ಅಂದರೆ 2008ಕ್ಕೆ ಮುಂಚಿನ ಪದ ಅಂತರ್ಜಾಲದಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಅದರ ಬಗ್ಗೆ ಯಾರೂ ಬರೆದಿಲ್ಲ ಅಂತಲ್ಲ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಬೇಕು. ಪತ್ರಿಕೆ, ದಿನಾಂಕ, ಪುಟ ಸಂಖ್ಯೆ ಬರೆದುಕೊಂಡರೆ ಅದು ಪಕ್ಕಾ ಮೂಲ. ಲಿಂಕ್ ಇರಲೇಬೇಕು ಅಂತ ಎಲ್ಲೂ ಇಲ್ಲ. ಲಿಂಕ್ ಇಲ್ಲ ಅಂತ ಮೂಲ ತೆಗೆದು ಹಾಕುವವರಿಗೆ ಇದನ್ನು ಸಮಾಧಾನವಾಗಿ ಹೇಳಿ.

'ರೆಸಾರ್ಟ್ ರಾಜಕೀಯ', ಅಂದರೆ ಶಾಸಕರು ಕೈತಪ್ಪದಂತೆ ಅವರನ್ನು ರೆಸಾರ್ಟ್, ಹೋಟೆಲುಗಳಲ್ಲಿ ಇಟ್ಟುಕೊಳ್ಳುವುದು, ಇದಕ್ಕೆ ಒಳ್ಳೆ ಉದಾಹರಣೆ. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಬರುವುದು 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿ ಹತ್ತಿರದ ಈಗಲ್‌ಟನ್‌ಗೆ ಕರೆತಂದದ್ದು, 2018ರ ಕರ್ನಾಟಕ ಪ್ರಹಸನ, 2019ರ ಮುಂಬೈ ಹೋಟೆಲ್. ಆದರೆ 1984ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಉರುಳಿಸಿದಾಗ ಅವರ ಶಾಸಕರನ್ನು ಕರ್ನಾಟಕಕ್ಕೆ ತಂದು ಕಾಪಾಡಿಕೊಂಡದ್ದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ. ಆ ಭಾಗ ಬೇಕಾದರೆ ಹಳೆಯ ಪತ್ರಿಕೆಗೇ ಹೋಗಬೇಕು.

ಹತ್ತು ಪತ್ರಿಕೆ, ಒಂದೇ ಸುದ್ದಿ

ಸಿಕ್ಕ ಮೂಲಗಳನ್ನು ಎಣಿಸುವ ಮೊದಲು ಜರಡಿ ಹಿಡಿಯಿರಿ. ಸುದ್ದಿಸಂಸ್ಥೆ ಪಿಟಿಐ ಕಳಿಸಿದ ಒಂದು ಸುದ್ದಿ ಹತ್ತು ಪತ್ರಿಕೆಯಲ್ಲಿ ಬಂದರೆ ಅದು ಒಂದೇ ಮೂಲ. ಪದ ಹುಟ್ಟಿಸಿದವರೇ ಬರೆದ ಅಂಕಣ ಮೂಲ ಅಲ್ಲ. ಪಕ್ಷದ ಮುಖವಾಣಿ ಅಲ್ಲ, ಪಕ್ಷದ ಟ್ವೀಟ್ ಅಂತೂ ಅಲ್ಲವೇ ಅಲ್ಲ. ಟಿವಿಯಲ್ಲಿ ಆರು ಜನ ಕೂತು ಕಿರುಚಿದ್ದು ಲೆಕ್ಕಕ್ಕಿಲ್ಲ. ನಾಯಕರೊಬ್ಬರು ಭಾಷಣದಲ್ಲಿ ಆ ಪದ ಅಂದರು ಅನ್ನುವ ವರದಿಯೂ ಬಳಕೆಯ ಪುರಾವೆ ಮಾತ್ರ.

ಇನ್ನೊಂದು ಅಪಾಯ ಇದೆ, ಇದು ಸ್ವಲ್ಪ ನಾಜೂಕಿನದು. ನೀವು ವಿಕಿಪೀಡಿಯದಲ್ಲಿ ಪುಟ ಮಾಡುತ್ತೀರಿ, ಅವಸರದಲ್ಲಿರುವ ವರದಿಗಾರ ಅದನ್ನೇ ನೋಡಿ ತನ್ನ ಸುದ್ದಿಯಲ್ಲಿ 'ಈ ಪದ ಇಂಥ ವರ್ಷ ಇಂಥವರಿಂದ ಬಂತು' ಅಂತ ಬರೆಯುತ್ತಾನೆ, ಮೂರು ತಿಂಗಳ ನಂತರ ವಿಕಿಪೀಡಿಯದ ಇನ್ನೊಬ್ಬ ಸಂಪಾದಕರು ಆ ಸುದ್ದಿಯನ್ನೇ ನಿಮ್ಮ ಪುಟಕ್ಕೆ ಮೂಲವಾಗಿ ಸೇರಿಸುತ್ತಾರೆ. ಸುಳ್ಳು ತನ್ನ ಬಾಲವನ್ನೇ ಹಿಡಿದು ನಿಜ ಆಗಿಬಿಡುತ್ತೆ. ಹಾಗಾಗಿ ಮೂಲದ ದಿನಾಂಕ ನೋಡಿ, ಪುಟದ ಇತಿಹಾಸದಲ್ಲಿ ಆ ವಾಕ್ಯ ಯಾವಾಗ ಸೇರಿತು ನೋಡಿ. ಮೂಲ ಆಮೇಲಿನದ್ದಾದರೆ ಅನುಮಾನಪಡಿ. ಕನ್ನಡ ವಿಕಿಪೀಡಿಯದಲ್ಲಿ ನಿಯಮಿತವಾಗಿ ಕೆಲಸ ಮಾಡುವವರು ಕಡಿಮೆ, ಅದಕ್ಕೇ ಇಂಥದ್ದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಕೂತಿರಬಹುದು.

ಎಷ್ಟು ಕಾಯಬೇಕು?

ನಿಯಮ ಪುಸ್ತಕದಲ್ಲಿ ಇಷ್ಟು ದಿನ ಅಂತ ಇಲ್ಲ. ನನ್ನ ಲೆಕ್ಕ ಇಷ್ಟೇ: ಪದ ಹುಟ್ಟಿದ ಚುನಾವಣೆ ಮುಗಿದು ಇನ್ನೊಂದು ಚುನಾವಣೆ ಬಂದಾಗಲೂ, ಮೊದಲಿನ ಜಗಳಕ್ಕೆ ಸಂಬಂಧ ಇಲ್ಲದವರೂ ಆ ಪದ ಎತ್ತುತ್ತಿದ್ದರೆ ಪುಟದ ಯೋಚನೆ ಮಾಡಿ.

1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಅದರಿಂದ 'ಆಯಾ ರಾಮ್ ಗಯಾ ರಾಮ್' ಬಂತು. ಅವತ್ತೇ ಪುಟ ಬರೆಯಬೇಕಾಗಿದ್ದರೆ ಒಬ್ಬ ಶಾಸಕರ ಬಗ್ಗೆ ಒಂದು ಜೋಕು ಅಷ್ಟೇ ಆಗುತ್ತಿತ್ತು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂದ ಮೇಲೆ ಆ ಕಾನೂನಿನ ಕಥೆ ಹೇಳುವವರೆಲ್ಲ ಗಯಾ ಲಾಲ್ ಅವರಿಂದಲೇ ಶುರು ಮಾಡುತ್ತಾರೆ. ಅಮೆರಿಕದಲ್ಲಿ 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಕಾಲದಲ್ಲಿ ಕ್ಷೇತ್ರದ ಗಡಿಯನ್ನು ಹಲ್ಲಿಯಂಥ ಸ್ಯಾಲಮ್ಯಾಂಡರ್ ಆಕಾರಕ್ಕೆ ಎಳೆದದ್ದನ್ನು ಅಣಕಿಸಿ ಬೋಸ್ಟನ್ ಪತ್ರಿಕೆಯೊಂದು 'ಗೆರಿಮ್ಯಾಂಡರ್' ಅಂದಿತು. ಇವತ್ತಿಗೂ ಕ್ಷೇತ್ರ ಮರುವಿಂಗಡಣೆಯ ಜಗಳದಲ್ಲಿ ಅದೇ ಪದ.

ಕಾಯದೇ ಪಾಸಾದ ಪದವೂ ಇದೆ. 2017ರ ಮೇ ತಿಂಗಳ ಕೊನೆಗೆ ಟ್ರಂಪ್ ಟ್ವೀಟ್‌ನಲ್ಲಿ 'ಕೊವ್‌ಫೆಫೆ' ಅಂತ ಅರ್ಥವಿಲ್ಲದ ಅಕ್ಷರಗಳು ಬಂದವು, ಜಗತ್ತೆಲ್ಲ ನಕ್ಕಿತು. ಜೂನ್‌ನಲ್ಲಿ ಮೈಕ್ ಕ್ವಿಗ್ಲಿ ಅನ್ನುವ ಸಂಸದರು ಅದೇ ಹೆಸರಿಟ್ಟು ಮಸೂದೆ ತಂದರು, ಅಧ್ಯಕ್ಷರ ಪೋಸ್ಟ್‌ಗಳನ್ನೂ ಸರ್ಕಾರಿ ದಾಖಲೆಯಾಗಿ ಉಳಿಸಬೇಕು ಅಂತ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೆ ಪುಟ ಇದೆ. ಆದರೆ "ಕೊವ್‌ಫೆಫೆಗೆ ಇದೆ, ನಮ್ಮದಕ್ಕೆ ಯಾಕಿಲ್ಲ" ಅನ್ನುವ ವಾದ ಅಳಿಸುವಿಕೆಯ ಚರ್ಚೆಯಲ್ಲಿ ನಿಲ್ಲಲ್ಲ. ಪ್ರತಿ ಪದವೂ ತನ್ನ ಮೂಲಗಳ ಮೇಲೇ ನಿಲ್ಲಬೇಕು.

ಪುಟ ಬರೆಯುವುದೇ ಆದರೆ

ನೇರವಾಗಿ ಮುಖ್ಯ ಜಾಗದಲ್ಲಿ ಶುರು ಮಾಡಬೇಡಿ, ನಿಮ್ಮ ಪ್ರಯೋಗಪುಟದಲ್ಲಿ (ನಿಮ್ಮ ಖಾತೆಯಡಿ ಕರಡು ಬರೆಯುವ ಪುಟ) ಬರೆಯಿರಿ. ಮೊದಲ ವಾಕ್ಯದಲ್ಲೇ ಇದು ಯಾರು ಯಾರನ್ನು ಕುರಿತು ಬಳಸುವ ಪದ ಅಂತ ಹೇಳಿಬಿಡಿ. ಮೂದಲಿಕೆ ಆಗಿದ್ದರೆ ಮೂದಲಿಕೆ ಅನ್ನಿ. ಆಮೇಲೆ ಆ ಪದವನ್ನು ನಿಮ್ಮ ಸ್ವಂತ ದನಿಯಲ್ಲಿ ಬಳಸಲೇಬೇಡಿ. "ಆಪರೇಷನ್ ಕಮಲದಿಂದ ಸರ್ಕಾರ ಬಿತ್ತು" ಅಂತ ವಿಶ್ವಕೋಶ ಹೇಳಬಾರದು. "ಶಾಸಕರ ರಾಜೀನಾಮೆಗಳ ನಂತರ ಸರ್ಕಾರ ಬಿತ್ತು, ವಿರೋಧಿಗಳು ಇದನ್ನು ಆಪರೇಷನ್ ಕಮಲ ಎಂದು ಕರೆದರು" ಅನ್ನಬಹುದು. ಇನ್ನೂ ಸರಿ ಮಾಡಬೇಕು ಅಂದರೆ 'ವಿರೋಧಿಗಳು' ಯಾರು ಅಂತ ಹೆಸರು ಹೇಳಿ. ಆರೋಪಕ್ಕೆ ಒಳಗಾದವರ ಉತ್ತರವನ್ನು ಕೊನೆಯ ಪ್ಯಾರಾದಲ್ಲಿ ಬಚ್ಚಿಡಬೇಡಿ, ಆರೋಪದ ಪಕ್ಕದಲ್ಲೇ ಇಡಿ.

ಈ ಪದ ಮೊದಲು ಹೇಳಿದವರು ಯಾರು ಅನ್ನುವಲ್ಲಿ ಹುಷಾರು. ರಾಜಕೀಯದಲ್ಲಿ ಒಂದು ಪದಕ್ಕೆ ಐದು ಜನ ಅಪ್ಪಂದಿರು. 'ಸಿಕ್ಕಿರುವ ಮೊದಲ ಬಳಕೆ ಇಂಥ ದಿನದ ಇಂಥ ಪತ್ರಿಕೆಯಲ್ಲಿ' ಅಂತಷ್ಟೇ ಬರೆಯಿರಿ, ಅದೂ ಹಾಗಂತ ಬೇರೆ ಯಾರಾದರೂ ಹೇಳಿದ್ದರೆ.

ಬದುಕಿರುವ ವ್ಯಕ್ತಿಗೆ ಇಟ್ಟ ಅಡ್ಡಹೆಸರಿಗೆ ಪುಟ ಮಾಡುವ ಆಸೆ ಬಿಟ್ಟುಬಿಡಿ. 'ಪಪ್ಪು', 'ಫೇಕು' ಥರದ್ದು. ತುಂಬಾ ಅಗತ್ಯ ಅನಿಸಿದರೆ ಆ ವ್ಯಕ್ತಿಯ ಪುಟದಲ್ಲೇ, ಮೂಲ ಇಟ್ಟು, ಒಂದು ವಾಕ್ಯ. ಅಡ್ಡಹೆಸರನ್ನು ಪುನರ್ನಿರ್ದೇಶನ (ಹುಡುಕಿದವರನ್ನು ತಾನಾಗೇ ಬೇರೆ ಪುಟಕ್ಕೆ ಕಳಿಸುವ ವ್ಯವಸ್ಥೆ) ಮಾಡುವುದೂ ಇಂಥ ಕಡೆ ಒಳ್ಳೆಯದಲ್ಲ, ಯಾಕೆಂದರೆ ಹುಡುಕಿದವರಿಗೆ ವಿಶ್ವಕೋಶವೇ ಬೈದ ಹಾಗೆ ಕಾಣುತ್ತದೆ. ಬೇರೆ ಪದಗಳಿಗೆ ಮಾತ್ರ ಪುನರ್ನಿರ್ದೇಶನ ತುಂಬಾ ಉಪಯೋಗ. 'ಪೇಸಿಎಂ' ಅಂತ ಹುಡುಕಿದವರು ಚುನಾವಣಾ ಪುಟದ ಆ ವಿಭಾಗಕ್ಕೆ ಹೋಗಿ ಬೀಳಲಿ, ಎಲ್ಲರಿಗೂ ಬೇಕಾದ್ದು ಸಿಗುತ್ತೆ.

ಪೋಸ್ಟರ್, ಮೀಮ್, ಜಾಹೀರಾತಿನ ಚಿತ್ರ ತಂದು ಕಾಮನ್ಸ್‌ಗೆ (ವಿಕಿಪೀಡಿಯ ಬಳಸುವ ಮುಕ್ತ ಚಿತ್ರಗಳ ಭಂಡಾರ) ಹಾಕಬೇಡಿ. ಹಕ್ಕು ಮಾಡಿದವರದ್ದು, ಗೋಡೆ ಮೇಲೆ ಅಂಟಿಸಿದ್ದರು ಅಂದ ಮಾತ್ರಕ್ಕೆ ಸಾರ್ವಜನಿಕ ಆಗಲ್ಲ.

ಅಳಿಸುವ ಚರ್ಚೆ ಬಂದಾಗ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ, ಕೊನೆಗೆ ನಿರ್ವಾಹಕರು (ಪುಟ ಅಳಿಸುವ ಅಧಿಕಾರ ಇರುವ ಬಳಕೆದಾರರು) ವಾದಗಳನ್ನು ನೋಡಿ ನಿರ್ಧರಿಸುತ್ತಾರೆ. ತಲೆ ಎಣಿಕೆ ಅಲ್ಲ. ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿನಿಂದ ಇಪ್ಪತ್ತು ಜನರನ್ನು ಕರೆತಂದು 'ಉಳಿಸಿ' ಅನ್ನಿಸಿದರೆ ನಿಮ್ಮ ಪುಟಕ್ಕೇ ಕೇಡು, ಹೊಸ ಖಾತೆಗಳ ಸಾಲು ನೋಡಿದ ತಕ್ಷಣ ಎಲ್ಲರಿಗೂ ಗೊತ್ತಾಗುತ್ತದೆ. ಕನ್ನಡದಲ್ಲಿ ಚರ್ಚೆಪುಟದಲ್ಲಿ ಬರೆಯಿರಿ. ಅಲ್ಲಿ ಯಾರೂ ಮಾತಾಡದಿದ್ದರೆ ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟ) ಒಂದು ಸಾಲು ಹಾಕಿ ಗಮನಕ್ಕೆ ತನ್ನಿ. ನಿಮಗೆ ಯಾವುದಾದರೂ ಪಕ್ಷದ ಜೊತೆ ಕೆಲಸದ ಸಂಬಂಧ ಇದ್ದರೆ ಮೊದಲೇ ಹೇಳಿಬಿಡಿ, ಆಮೇಲೆ ಬೇರೆಯವರು ಹುಡುಕಿ ತೆಗೆದರೆ ನಿಮ್ಮ ಒಳ್ಳೆ ವಾದವೂ ಹಾಳು.

ವಾದ ಮಾಡುವಾಗ ಭಾಷಣ ಬೇಡ. ನಿಮ್ಮ ಮೂರು ಗಟ್ಟಿ ಮೂಲಗಳನ್ನು ಇಡಿ, ಪ್ರತಿಯೊಂದರಲ್ಲೂ ಪದದ ಬಗ್ಗೆ ಏನು ಹೇಳಿದೆ ಅಂತ ಒಂದೊಂದು ಸಾಲು ಬರೆಯಿರಿ. ಅಳಿಸಿ ಅನ್ನುವವರಿಗೂ ಇದೇ ಮಾತು. 'ಇದು ಪ್ರಚಾರ' ಅಂದರೆ ಸಾಲದು, ಯಾವ ಮೂಲ ಯಾಕೆ ಬರೀ ಬಳಕೆ ಅಂತ ತೋರಿಸಿ.

ಪುಟ ಹೋದರೂ ಕಟ್ಟಿದ ಮೂಲಗಳನ್ನು ಬಿಸಾಡಬೇಡಿ. ಸಂಬಂಧಪಟ್ಟ ಚುನಾವಣೆ ಅಥವಾ ಘಟನೆಯ ಚರ್ಚೆಪುಟದಲ್ಲಿ ದಿನಾಂಕ ಸಮೇತ ಹಾಕಿಡಿ. ಲಿಂಕ್‌ಗಳಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ ಉಳಿಸಿ, ಕನ್ನಡ ಸುದ್ದಿ ತಾಣಗಳು ವಿಳಾಸ ಬದಲಿಸುವುದು ಜಾಸ್ತಿ. ಪುಟದ ಹಳೆಯ ಬರಹ ಬೇಕಿದ್ದರೆ ನಿರ್ವಾಹಕರನ್ನು ಕೇಳಿ, ಅಳಿಸಿದ್ದನ್ನು ಅವರು ನೋಡಬಹುದು, ನಿಮ್ಮ ಪ್ರಯೋಗಪುಟಕ್ಕೆ ಹಾಕಿಕೊಡಲೂ ಬಹುದು.